ಪುಟ್ಟ ಮಕ್ಕಳ ಜೊತೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ: ಕಡಿಮೆ ಖರ್ಚಿನಲ್ಲಿ ಎಲ್ಲಿ ಉಳಿಯುವುದು?

ಕುವೆಂಪುನಗರ ಅಮ್ಮ
ಎಲ್ಲರಿಗೂ ನಮಸ್ಕಾರ. ಮುಂದಿನ ಜುಲೈನಲ್ಲಿ ಕೋಪನ್‌ಹೇಗನ್, ಸ್ಟಾಕ್‌ಹೋಮ್, ಓಸ್ಲೋ, ಆಗುವುದಾದರೆ ಬರ್ಗನ್ ನೋಡಬೇಕು ಅಂತ ಆಸೆ. ನಾವಿಬ್ಬರು, ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ. ವಿಮಾನದ ಟಿಕೆಟ್ ಹೇಗೋ ಹೊಂದಿಸಬಹುದು, ಆದರೆ ಹೋಟೆಲ್ ಬಾಡಿಗೆ ನೋಡಿ ಎದೆ ಝಲ್ ಎಂದಿತು. ಅದರ ಮೇಲೆ, ಇಬ್ಬರು ಮಕ್ಕಳನ್ನು ಸೇರಿಸಿದ ತಕ್ಷಣ ಕೆಲವು ಬುಕಿಂಗ್ ಸೈಟ್‌ಗಳು ಎರಡು ರೂಮ್ ತೋರಿಸುತ್ತವೆ. ಇಬ್ಬರು ದೊಡ್ಡವರು ಅಂತ ಮಾತ್ರ ಹಾಕಿ ಬುಕ್ ಮಾಡಿ, ಅಲ್ಲಿ ಹೋದ ಮೇಲೆ ಮಕ್ಕಳನ್ನು ಜೊತೆಗೆ ಮಲಗಿಸಿಕೊಂಡರೆ ಆಗುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ? ನಾವು ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತೇವೆ. ಚಿಕ್ಕವನು ರಾತ್ರಿ ಹಾಲಿಗೆ ಏಳುತ್ತಾನೆ. ಸಣ್ಣ ರೈಸ್ ಕುಕ್ಕರ್ ತೆಗೆದುಕೊಂಡು ಹೋಗಬಹುದಾ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಗೋಥೆನ್‌ಬರ್ಗ್ ನಿವಾಸಿ
ಮೊದಲು ಆ ಸಲಹೆಯ ಬಗ್ಗೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರೂಮಿನಲ್ಲಿ ಎಷ್ಟು ಜನ ಮಲಗಬಹುದು ಅನ್ನುವುದನ್ನು ಇಲ್ಲಿ ಬೆಂಕಿ ಸುರಕ್ಷತೆಯ ಲೆಕ್ಕದಲ್ಲೂ ನೋಡುತ್ತಾರೆ. ರಾತ್ರಿ ಅಲಾರಂ ಹೊಡೆದರೆ ಒಳಗೆ ಯಾರು ಯಾರು ಇದ್ದಾರೆ ಅಂತ ಅವರಿಗೆ ಗೊತ್ತಿರಬೇಕು. ಎರಡು ಪುಟ್ಟ ಮಕ್ಕಳನ್ನು ಆ ಪಟ್ಟಿಯಿಂದ ಹೊರಗೆ ಇಡುವುದು ನನಗಂತೂ ಭಯದ ವಿಷಯ. ಅದಕ್ಕಿಂತ ಮುಖ್ಯ, ಹಾಗೆ ಮುಚ್ಚಿಡುವ ಅಗತ್ಯವೇ ಇಲ್ಲ. ಸ್ಕ್ಯಾಂಡಿಕ್‌ನಂಥ ದೊಡ್ಡ ಹೋಟೆಲ್ ಸರಣಿಗಳಲ್ಲಿ ಅಪ್ಪ ಅಮ್ಮನ ರೂಮಿನಲ್ಲೇ ಮಲಗುವ 12 ವರ್ಷದವರೆಗಿನ ಮಕ್ಕಳಿಗೆ ಬಾಡಿಗೆ ಇಲ್ಲ. ಬೇರೆ ಸರಣಿಗಳಲ್ಲಿ ವಯಸ್ಸಿನ ಮಿತಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಅದನ್ನು ಬುಕ್ ಮಾಡುವ ಮೊದಲೇ ಓದಿಕೊಳ್ಳಿ. ಮಕ್ಕಳ ವಯಸ್ಸನ್ನು ಸರಿಯಾಗಿ ಹಾಕಿ, ಹೋಟೆಲ್‌ನ ಸ್ವಂತ ಸೈಟ್‌ನಲ್ಲೇ ಹುಡುಕಿ. ಸ್ವೀಡಿಷ್‌ನಲ್ಲಿ ಫಮಿಲ್ಯೆರುಮ್, ನಾರ್ವೆಯಲ್ಲಿ ಫಮಿಲಿಯೆರುಮ್, ಡೆನ್ಮಾರ್ಕಿನಲ್ಲಿ ಫಮಿಲಿಯೆವೇರೆಲ್ಸೆ ಅಂತ ಇರುವುದು ನಿಮಗೆ ಬೇಕಾದ ರೂಮ್. ಗೋಡೆಗೆ ಅಂಟಿದ ಎರಡಂತಸ್ತಿನ ಮಂಚ ಅಥವಾ ಸೋಫಾ ಕಮ್ ಬೆಡ್ ಇರುತ್ತದೆ. ಇಂಥ ರೂಮ್‌ಗಳು ಪ್ರತಿ ಹೋಟೆಲ್‌ನಲ್ಲೂ ಕೆಲವೇ ಇರುತ್ತವೆ, ಬೇಗ ಖಾಲಿಯಾಗುತ್ತವೆ. ಎರಡು ರೂಮ್ ತೋರಿಸುತ್ತಿದೆ ಅಂದರೆ ಬಹುಶಃ ಆ ದಿನ ಫ್ಯಾಮಿಲಿ ರೂಮ್ ಮುಗಿದಿದೆ.

ಮಂಚದ ಅಗಲವನ್ನೂ ನೋಡಿ. ಅಗ್ಗದ ರೂಮ್‌ಗಳಲ್ಲಿ 140 ಸೆಂಟಿಮೀಟರ್ ಅಗಲದ ಮಂಚ ಇರುತ್ತದೆ, ಅದರಲ್ಲಿ ಇಬ್ಬರು ದೊಡ್ಡವರ ಮಧ್ಯೆ ಐದು ವರ್ಷದ ಮಗು ಮಲಗಿದರೆ ಯಾರಿಗೂ ನಿದ್ದೆ ಇಲ್ಲ. ದೊಡ್ಡ ಮಂಚ ಅಂದರೆ ಸಾಮಾನ್ಯವಾಗಿ ಎರಡು ಬೇರೆ ಹಾಸಿಗೆ ಪಕ್ಕಪಕ್ಕ ಜೋಡಿಸಿರುತ್ತಾರೆ, ಹೊದಿಕೆಯೂ ಒಬ್ಬೊಬ್ಬರಿಗೆ ಒಂದೊಂದು. ನಡುವಿನ ಸಂದಿಗೆ ಮಗು ಜಾರದ ಹಾಗೆ ಒಂದು ಹೊದಿಕೆ ಅಡ್ಡ ಹಾಸಿಕೊಳ್ಳಿ. ಚಿಕ್ಕವನಿಗೆ ಮಡಚುವ ತೊಟ್ಟಿಲು ಬೇಕು ಅಂತ ಮೊದಲೇ ಬರೆದು ತಿಳಿಸಿ, ಹೆಚ್ಚಿನ ಕಡೆ ದುಡ್ಡು ಕೇಳುವುದಿಲ್ಲ.

ಓಸ್ಲೋ ಅಪ್ಪ
ಮೇಲಿನವರ ಮಾತು ಪೂರ್ತಿ ಒಪ್ಪುತ್ತೇನೆ. ನಾನು ಸೇರಿಸುವುದು ಒಂದೇ: ರೂಮ್ ಬಾಡಿಗೆ ಹೋಲಿಸಬೇಡಿ, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗಿನ ಖರ್ಚು ಹೋಲಿಸಿ. ಈ ದೇಶಗಳಲ್ಲಿ ಜೇಬು ಖಾಲಿ ಮಾಡುವುದು ಊಟ. ನಾರ್ವೆಯಲ್ಲಿ ಅಂಗಡಿಯಲ್ಲಿ ಕೊಳ್ಳುವ ಆಹಾರಕ್ಕೆ 15 ಶೇಕಡ ತೆರಿಗೆ, ಅದನ್ನೇ ರೆಸ್ಟೋರೆಂಟಿನಲ್ಲಿ ಕೂತು ತಿಂದರೆ 25. ಕೆಲಸದವರ ಸಂಬಳವೂ ಹೆಚ್ಚು. ಹಾಗಾಗಿ ಒಂದು ಸಾದಾ ಊಟಕ್ಕೆ ಕುಟುಂಬವೆಲ್ಲ ಕೂತರೆ, ಹೋಟೆಲ್‌ನಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ.

ಅದಕ್ಕೇ ಇಲ್ಲಿ ಹೋಟೆಲ್ ತಿಂಡಿ ಅಷ್ಟು ಮುಖ್ಯ. ಬಾಡಿಗೆಯಲ್ಲೇ ಸೇರಿರುವ ಬಫೆ ನಿಜಕ್ಕೂ ದೊಡ್ಡದು: ಬಗೆಬಗೆ ಬ್ರೆಡ್, ಓಟ್ಸ್ ಗಂಜಿ, ಮೊಸರು, ಹಣ್ಣು, ಮೊಟ್ಟೆ, ಚೀಸ್, ನಾರ್ವೆಯಲ್ಲಿ ಕಂದು ಬಣ್ಣದ ಸಿಹಿ ಚೀಸ್ ಬ್ರೂನೋಸ್ಟ್, ಹಲವು ಕಡೆ ವಾಫಲ್. ಸಸ್ಯಾಹಾರಿಗಳಿಗೆ ಏನೂ ಕೊರತೆ ಇಲ್ಲ. ಒಂಬತ್ತು ಗಂಟೆ ಹೊತ್ತಿಗೆ ನಿಧಾನವಾಗಿ ಕೂತು ತಿಂದರೆ ಮಧ್ಯಾಹ್ನ ಎರಡರವರೆಗೆ ಮಕ್ಕಳು ಹಸಿವು ಅನ್ನುವುದಿಲ್ಲ. ತಿಂಡಿ ಇಲ್ಲದ ಅಗ್ಗದ ದರ ಕಂಡರೆ, ನಾಲ್ಕು ಜನರ ತಿಂಡಿಯ ಖರ್ಚನ್ನು ಅದಕ್ಕೆ ಕೂಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಹೋಮ್ ಹೋಟೆಲ್, ಕ್ಲ್ಯಾರಿಯನ್ ಕಲೆಕ್ಷನ್ ಎಂಬ ಹೆಸರಿನ ಹೋಟೆಲ್‌ಗಳಲ್ಲಿ ತಿಂಡಿಯ ಜೊತೆಗೆ ಸಂಜೆಯ ಹಗುರ ಊಟವೂ ಬಾಡಿಗೆಯಲ್ಲೇ ಬರುತ್ತದೆ. ಸೂಪ್, ಸಲಾಡ್, ಬ್ರೆಡ್, ಒಂದು ಬಿಸಿ ಪದಾರ್ಥ. ಆ ಹೋಟೆಲ್‌ನ ಪುಟದಲ್ಲಿ ಇದು ಬರೆದಿದೆಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಬಾಡಿಗೆ ಸ್ವಲ್ಪ ಜಾಸ್ತಿ ಕಂಡರೂ ಬರ್ಗನ್‌ನಂಥ ಊರಿನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಸುಸ್ತಾದ ಮಕ್ಕಳನ್ನು ಎತ್ತಿಕೊಂಡು ಊಟ ಹುಡುಕುವ ಕಷ್ಟ ತಪ್ಪುತ್ತದೆ. ಅದಕ್ಕೆ ಎಷ್ಟು ಕೊಟ್ಟರೂ ಸರಿ ಅನ್ನಿಸುತ್ತದೆ ನನಗೆ.

ಬಫೆಯಿಂದ ಬುತ್ತಿ ಕಟ್ಟಿಕೊಳ್ಳುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಕೇಳದೆ ಕಟ್ಟಿಕೊಳ್ಳಬೇಡಿ. ನಾರ್ವೆಯ ಹಲವು ಹೋಟೆಲ್‌ಗಳಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಅವರೇ ಕಾಗದ ಕೊಟ್ಟು ಕಟ್ಟಿಕೊಳ್ಳಿ ಅನ್ನುತ್ತಾರೆ.

ಧಾರವಾಡದಾಕಿ
ನೀವಿಬ್ಬರೂ ಹೋಟೆಲ್ ಅಂತಲೇ ಮಾತಾಡುತ್ತಿದ್ದೀರಿ. ನಾವು ಎರಡು ಮಕ್ಕಳ ಜೊತೆ ಬಹುತೇಕ ಹಾಸ್ಟೆಲ್‌ಗಳಲ್ಲೇ ಉಳಿದೆವು, ಮತ್ತೆ ಹೋದರೂ ಅದನ್ನೇ ಮಾಡುತ್ತೇನೆ. ಹಾಸ್ಟೆಲ್ ಅಂದ ಕೂಡಲೇ ಹತ್ತು ಜನರ ಡಾರ್ಮಿಟರಿ ಕಣ್ಣ ಮುಂದೆ ತಂದುಕೊಳ್ಳಬೇಡಿ. ಸ್ವೀಡನ್ನಿನ ಎಸ್‌ಟಿಎಫ್ 1885ರಲ್ಲಿ ಶುರುವಾದ ಪ್ರವಾಸಿ ಸಂಘ, ಅವರ ಹಾಸ್ಟೆಲ್‌ಗಳು ದೇಶದ ತುಂಬ ಇವೆ. ಡೆನ್ಮಾರ್ಕಿನಲ್ಲಿ ಡಾನ್‌ಹಾಸ್ಟೆಲ್. ಎರಡರಲ್ಲೂ ಬೀಗ ಹಾಕುವ ಸ್ವಂತ ಫ್ಯಾಮಿಲಿ ರೂಮ್ ಸಿಗುತ್ತದೆ, ಎಷ್ಟೋ ಕಡೆ ಬಚ್ಚಲೂ ರೂಮಿನೊಳಗೇ. ಎಲ್ಲಕ್ಕಿಂತ ದೊಡ್ಡದು ಅಡುಗೆಮನೆ. ಒಲೆ, ಪಾತ್ರೆ, ಫ್ರಿಜ್, ಮೈಕ್ರೋವೇವ್ ಎಲ್ಲ ಇರುತ್ತದೆ. ಸಂಜೆ ಅನ್ನ ಸಾರು ಮಾಡಿ ಮಕ್ಕಳಿಗೆ ಉಣಿಸಿದರೆ ಅವರು ಬೆಳಿಗ್ಗೆವರೆಗೆ ಮಲಗುತ್ತಾರೆ. ಅಡುಗೆಮನೆಯಲ್ಲಿ ಬೇರೆ ಕುಟುಂಬಗಳೂ ಇರುತ್ತವೆ, ಮಕ್ಕಳು ಭಾಷೆ ಇಲ್ಲದೆಯೇ ಆಡಿಕೊಳ್ಳುತ್ತವೆ. ನಮಗೆ ಅದೇ ಪ್ರವಾಸದ ಚಂದದ ಭಾಗ ಆಗಿತ್ತು.

ಸ್ಟಾಕ್‌ಹೋಮ್‌ನಲ್ಲಿ ಆಫ್ ಚಾಪ್‌ಮನ್ ಅಂತ ಒಂದು ಹಾಯಿಹಡಗೇ ಹಾಸ್ಟೆಲ್ ಆಗಿದೆ. 1888ರಲ್ಲಿ ಕಟ್ಟಿದ ಹಡಗು, 1949ರಿಂದ ಹಾಸ್ಟೆಲ್. ಶೆಪ್ಸ್‌ಹೋಲ್ಮನ್ ದ್ವೀಪದ ದಡದಲ್ಲಿ ನಿಂತಿದೆ. ಐದು ವರ್ಷದ ಮಗಳಿಗೆ ಹಡಗಿನಲ್ಲಿ ಮಲಗುವುದು ಎಂಥ ಸಂಭ್ರಮ ನೋಡಿ. ಆದರೆ ಹಡಗಿನ ಕೋಣೆಗಳು ಸಣ್ಣವು, ಮೆಟ್ಟಿಲು ಕಡಿದಾಗಿವೆ, ತಳ್ಳುಗಾಡಿಗೆ ಕಷ್ಟ. ದಡದ ಮೇಲಿನ ಕಟ್ಟಡದಲ್ಲೂ ರೂಮ್ ಇವೆ, ಒಂದೂವರೆ ವರ್ಷದವನ ಜೊತೆ ಅದೇ ಒಳ್ಳೆಯದು.

ಬೆಲೆ ನೋಡುವಾಗ ಒಂದು ಎಚ್ಚರಿಕೆ. ಹಲವು ಹಾಸ್ಟೆಲ್‌ಗಳಲ್ಲಿ ಬೆಡ್‌ಶೀಟ್, ಟವೆಲ್ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಅವನ್ನು ಬಾಡಿಗೆಗೆ ತೆಗೆದುಕೊಂಡರೆ ನಾಲ್ಕು ಜನಕ್ಕೆ ಸಾಕಷ್ಟು ಖರ್ಚಾಗುತ್ತದೆ. ಮಲಗುವ ಚೀಲ ಹಾಸಿಗೆ ಮೇಲೆ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ, ಆದ್ದರಿಂದ ತೆಳುವಾದ ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆಯ ಕವರ್ ಮನೆಯಿಂದಲೇ ತನ್ನಿ. ಹೊರಡುವಾಗ ರೂಮ್ ನೀವೇ ಗುಡಿಸಿ ಒರೆಸಿ ಬಿಡಬೇಕು, ಇಲ್ಲದಿದ್ದರೆ ಸ್ವಚ್ಛತೆಯ ಶುಲ್ಕ. ಹೊರಡುವ ಬೆಳಿಗ್ಗೆ ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಕುವೆಂಪುನಗರ ಅಮ್ಮ
ಎಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮಕ್ಕಳ ಹೆಸರು ಸೇರಿಸಿಯೇ ಬುಕ್ ಮಾಡುತ್ತೇನೆ, ಅದು ಖಚಿತ. ರೈಸ್ ಕುಕ್ಕರ್ ವಿಷಯ ಯಾರೂ ಹೇಳಲಿಲ್ಲ. ಹೋಟೆಲ್ ರೂಮಿನಲ್ಲಿ ಬರೀ ಅನ್ನ, ಉಪ್ಪಿಟ್ಟು ಮಾಡಿಕೊಂಡರೂ ತೊಂದರೆಯೇ? ಮತ್ತೆ ಜುಲೈ ಸರಿಯಾದ ತಿಂಗಳಾ? ಇಲ್ಲಿ ಎಲ್ಲರೂ ಅದೇ ಜಾಸ್ತಿ ದುಬಾರಿ ಅನ್ನುತ್ತಾರೆ.

ಹಾಸನ ಸುತ್ತಾಟ
ರೂಮಿನಲ್ಲಿ ಅಡುಗೆ ಬೇಡವೇ ಬೇಡ. ಹೊಗೆ ಬೇಕಿಲ್ಲ, ಒಗ್ಗರಣೆಯ ಘಾಟು, ಕುಕ್ಕರಿನ ಆವಿ ಸಾಕು ಕೆಲವು ಅಲಾರಂಗಳಿಗೆ. ನಮ್ಮ ಜೊತೆ ಬಂದಿದ್ದ ಒಂದು ಕುಟುಂಬ ಹೋಟೆಲ್‌ವೊಂದರಲ್ಲಿ ಹೀಗೆ ಮಾಡಿ, ಇಡೀ ಕಟ್ಟಡ ಖಾಲಿ ಮಾಡಿಸಿ, ಅಗ್ನಿಶಾಮಕದವರು ಬಂದ ಖರ್ಚನ್ನೂ ಕಟ್ಟಬೇಕಾಯಿತು. ನಡುರಾತ್ರಿ ಬೇರೆಯವರ ಮಕ್ಕಳೂ ಚಳಿಯಲ್ಲಿ ಹೊರಗೆ ನಿಂತಿದ್ದವು. ಹೋಟೆಲ್‌ಗಳ ನಿಯಮದಲ್ಲೂ ಇದು ಸ್ಪಷ್ಟವಾಗಿ ಇರುತ್ತದೆ. ಅಡುಗೆ ಮಾಡಬೇಕು ಅಂದರೆ ಅಡುಗೆಮನೆ ಇರುವ ಜಾಗವನ್ನೇ ಹಿಡಿಯಿರಿ.

ಹೋಟೆಲ್‌ನಲ್ಲಿ ಬಿಸಿನೀರು ಮಾತ್ರ ಸಾಕಾಗುವಂಥದ್ದು ಒಯ್ಯಿರಿ: ತೆಳು ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಮಗುವಿಗೆ ರಾಗಿ ಹುರಿಹಿಟ್ಟು. ಎಲ್ಲ ರೂಮಿನಲ್ಲೂ ಕೆಟಲ್ ಇರುವುದಿಲ್ಲ, ಸಣ್ಣದೊಂದು ಜೊತೆಗಿಟ್ಟುಕೊಂಡು ಬಳಸಬಹುದಾ ಅಂತ ರಿಸೆಪ್ಷನ್‌ನಲ್ಲಿ ಕೇಳಿ. ರಾತ್ರಿ ಹಾಲು ಬಿಸಿ ಮಾಡಲು ಹಲವು ಹೋಟೆಲ್‌ಗಳ ಲಾಬಿಯಲ್ಲೇ ಮೈಕ್ರೋವೇವ್ ಇರುತ್ತದೆ, ಹೋದ ಕೂಡಲೇ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಆದರೆ ಭಾರತದಿಂದ ತುಪ್ಪ, ಪೇಡ, ಹಾಲಿನ ಸಿಹಿ ತರುವಂತಿಲ್ಲ. ಯುರೋಪಿನ ಹೊರಗಿನಿಂದ ಬರುವವರು ಹಾಲು, ಮಾಂಸದ ಪದಾರ್ಥ ತರಬಾರದು ಅನ್ನುವ ನಿಯಮ ಇದೆ. ಮಗುವಿನ ಹಾಲಿನ ಪುಡಿಗೆ ಮಾತ್ರ 2 ಕಿಲೋವರೆಗೆ ಬಿಡುತ್ತಾರೆ, ಅದೂ ಒಡೆಯದ ಪ್ಯಾಕ್ ಆಗಿರಬೇಕು. ಕರಿಬೇವಿನ ಸೊಪ್ಪನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಗೋಥೆನ್‌ಬರ್ಗ್ ನಿವಾಸಿ
ಜುಲೈ ಬಗ್ಗೆ. ಸ್ವೀಡನ್ನಿನಲ್ಲಿ ಜುಲೈ ಅಂದರೆ ಇಡೀ ದೇಶ ರಜೆಯಲ್ಲಿ. ಕಚೇರಿ, ಕಾರ್ಖಾನೆಗಳೆಲ್ಲ ನಿಧಾನ. ಊರಿನ ದೊಡ್ಡ ಹೋಟೆಲ್‌ಗಳು ವರ್ಷವಿಡೀ ನಡೆಯುವುದು ಕೆಲಸದ ಮೇಲೆ ಓಡಾಡುವವರಿಂದ, ಅವರು ಇಲ್ಲದಿರುವಾಗ ವಾರದ ದಿನಗಳಲ್ಲೂ ದರ ಇಳಿಯುತ್ತದೆ, ಮಕ್ಕಳಿಗೆ ಅಂತಲೇ ಆಟದ ಮೂಲೆ ಮಾಡುತ್ತಾರೆ. ಉಳಿದ ತಿಂಗಳುಗಳಲ್ಲಿ ಇದೇ ಕಾರಣಕ್ಕೆ ವಾರಾಂತ್ಯ ಅಗ್ಗ, ಮಂಗಳವಾರ ಬುಧವಾರ ದುಬಾರಿ, ನಮ್ಮ ಕಡೆಯ ರೆಸಾರ್ಟ್ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಆದರೆ ಸಮುದ್ರದಂಡೆ, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರ) ಕಡೆಯ ಊರುಗಳು ಜುಲೈನಲ್ಲಿ ತುಂಬಿ ತುಳುಕುತ್ತವೆ. ಕೋಪನ್‌ಹೇಗನ್ ಕೂಡ ಬೇಸಿಗೆಯಲ್ಲಿ ಅಗ್ಗ ಅಲ್ಲ. ನಮ್ಮ ಗೋಥೆನ್‌ಬರ್ಗ್‌ನಲ್ಲಿ ಜುಲೈ ನಡುವೆ ಗೋಥಿಯಾ ಕಪ್ ಅಂತ ಮಕ್ಕಳ ಫುಟ್‌ಬಾಲ್ ಪಂದ್ಯಾವಳಿ, ಆ ವಾರ ಬರಬೇಡಿ.

ದಸರಾ ರಜೆಗೆ ಬರೋಣ ಅಂದುಕೊಳ್ಳುವವರಿಗೂ ಒಂದು ಮಾತು. ಓಸ್ಲೋ ಕಡೆಯ ಶಾಲೆಗಳಿಗೆ ವರ್ಷದ 40ನೇ ವಾರ, ಬರ್ಗನ್ ಕಡೆ 41ನೇ ವಾರ, ಡೆನ್ಮಾರ್ಕಿನಲ್ಲಿ 42ನೇ ವಾರ, ಸ್ವೀಡನ್ನಿನಲ್ಲಿ 44ನೇ ವಾರ ಶರತ್ಕಾಲದ ರಜೆ. ದಸರಾ ಎಷ್ಟೋ ಸಲ ಇವುಗಳಲ್ಲಿ ಒಂದರ ಜೊತೆ ಬೀಳುತ್ತದೆ. ಆಗ ಮೊದಲು ಮುಗಿಯುವುದು ಫ್ಯಾಮಿಲಿ ರೂಮ್‌ಗಳೇ.

ಮಾಲ್ಮೋ ಮನೆ
ಕೋಪನ್‌ಹೇಗನ್ ಬೆಲೆ ನೋಡಿ ಹೆದರಿದವರು ಸ್ವೀಡನ್ನಿನ ಮಾಲ್ಮೋದಲ್ಲಿ ಉಳಿಯಿರಿ ಅಂತ ನಾನು ಹೇಳುತ್ತೇನೆ. 2000ದಲ್ಲಿ ಶುರುವಾದ ಓರೆಸುಂಡ್ ಸೇತುವೆ ದಾಟಿದರೆ ರೈಲಿನಲ್ಲಿ ಸುಮಾರು 40 ನಿಮಿಷ. ಡೆನ್ಮಾರ್ಕಿನಲ್ಲಿ ಹೋಟೆಲ್‌ಗೆ 25 ಶೇಕಡ ತೆರಿಗೆ, ಸ್ವೀಡನ್ನಿನಲ್ಲಿ 12. ಕೋಪನ್‌ಹೇಗನ್ ವಿಮಾನ ನಿಲ್ದಾಣ ಈ ರೈಲು ದಾರಿಯಲ್ಲೇ ಇದೆ. ಮೂರು ದೇಶದವರೂ ಬೆಲೆಯನ್ನು ಕ್ರೋನರ್ ಅಂತಲೇ ಬರೆಯುತ್ತಾರೆ, ಮರೆಯಬೇಡಿ. ಡೆನ್ಮಾರ್ಕಿನ ಕ್ರೋನ ಸ್ವೀಡನ್ನಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಅಂಕಿ ಒಂದೇ ಕಂಡರೂ ಬೆಲೆ ಒಂದೇ ಅಲ್ಲ. ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ಒಂದು ಕಡೆ ಬರೆದಿಟ್ಟುಕೊಳ್ಳಿ.

ಓಸ್ಲೋ ಅಪ್ಪ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇಬ್ಬರು ದೊಡ್ಡವರು ದಿನಾ ಸೇತುವೆ ದಾಟಿ ಹೋಗಿ ಬಂದರೆ ರೈಲಿನ ದುಡ್ಡೇ ಉಳಿತಾಯವನ್ನು ತಿಂದುಹಾಕುತ್ತದೆ. ಸ್ವೀಡನ್ನಿಗೆ ಮರಳುವಾಗ ಗುರುತಿನ ತಪಾಸಣೆಯೂ ಇರಬಹುದು, ನಾಲ್ಕು ಪಾಸ್‌ಪೋರ್ಟ್ ಸದಾ ಜೊತೆಗಿರಬೇಕು. ಮಧ್ಯಾಹ್ನ ಮಗು ಮಲಗಬೇಕು ಅಂದರೆ ರೂಮಿಗೆ ಬರುವಂತಿಲ್ಲ. ಪುಟ್ಟ ಮಕ್ಕಳಿರುವಾಗ ರೂಮ್ ಹತ್ತಿರ ಇರುವುದು ಕೂಡ ಉಳಿತಾಯವೇ. ಮಧ್ಯಾಹ್ನ ಬಂದು ಮಲಗಿಸಿ, ಹಣ್ಣು ಮೊಸರು ತಿನ್ನಿಸಿ, ಮತ್ತೆ ಸಂಜೆ ಹೊರಡಬಹುದು. ಇಲ್ಲದಿದ್ದರೆ ಕೆಫೆಯಲ್ಲಿ ಕೂತು ದುಡ್ಡು ಸುರಿಯುತ್ತೀರಿ.

ಮಾಲ್ಮೋ ಮನೆ
ಮಧ್ಯಾಹ್ನದ ನಿದ್ದೆಯ ವಿಷಯ ನಿಜ. ಹಾಗಾದರೆ ಹೀಗೆ ಮಾಡಬಹುದು. ಕೋಪನ್‌ಹೇಗನ್ ನೋಡುವ ದಿನಗಳಿಗೆ ಅಲ್ಲಿಯೇ ಡಾನ್‌ಹಾಸ್ಟೆಲ್‌ನಲ್ಲಿ ಇರಿ, ವಿಮಾನ ಇಳಿದ ರಾತ್ರಿಗೆ ಅಥವಾ ಹೊರಡುವ ಹಿಂದಿನ ರಾತ್ರಿಗೆ ಮಾಲ್ಮೋ. ಇಲ್ಲಿ ಫೋಲ್ಕೆಟ್ಸ್ ಪಾರ್ಕ್‌ನಲ್ಲಿ ಮಕ್ಕಳು ಪುಕ್ಕಟೆ ಆಡಬಹುದು, ರಿಬರ್ಸ್‌ಬೋರ್ಗ್ ದಂಡೆಯಲ್ಲಿ ಮರಳಾಟ ಆಡಬಹುದು. ಸುಸ್ತು ಆರಿಸಿಕೊಳ್ಳಲು ಒಳ್ಳೆಯ ಊರು.

ಧಾರವಾಡದಾಕಿ
ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ! ಜುಲೈ ಮೊದಲಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ, ಬೆಳಿಗ್ಗೆ ನಾಲ್ಕರೊಳಗೆ ಮತ್ತೆ ಹಾಜರ್. ನಡುವೆ ಪೂರ್ತಿ ಕತ್ತಲೆ ಆಗುವುದೇ ಇಲ್ಲ. ನಮ್ಮ ಮಕ್ಕಳಿಗೆ ಇದು ಹೊಸದು, ಮಲಗು ಅಂದರೆ ಇನ್ನೂ ಬಿಸಿಲಿದೆ ಅನ್ನುತ್ತವೆ. ಹೋಟೆಲ್‌ಗಳಲ್ಲಿ ದಪ್ಪ ಪರದೆ ಇರುತ್ತದೆ, ಹಾಸ್ಟೆಲ್, ಕ್ಯಾಬಿನ್‌ಗಳಲ್ಲಿ ಕೆಲವೊಮ್ಮೆ ಸರಿಯಾಗಿರುವುದಿಲ್ಲ. ಒಂದು ಕಪ್ಪು ಬಟ್ಟೆ, ನಾಲ್ಕು ಬಟ್ಟೆ ಕ್ಲಿಪ್ ತನ್ನಿ. ಫ್ಯಾನ್, ಎಸಿ ಎಲ್ಲ ಕಡೆ ಇರುವುದಿಲ್ಲ, ಬಿಸಿಲಿನ ದಿನ ಮೇಲಿನ ಮಹಡಿಯ ರೂಮ್ ಸೆಖೆಯಾಗುತ್ತದೆ. ಕಿಟಕಿ ತೆರೆಯುವ ರೂಮ್ ಕೇಳಿ.

ಓಸ್ಲೋ ಅಪ್ಪ
ನಾರ್ವೆಗೆ ಬಂದರೆ ಕ್ಯಾಂಪಿಂಗ್ ಜಾಗಗಳ ಹಿತ್ತೆ ನೋಡಿ, ಅಂದರೆ ಮರದ ಸಣ್ಣ ಮನೆ. ಟೆಂಟ್ ಬೇಕಿಲ್ಲ. ಒಳಗೆ ಮಂಚಗಳು, ಎರಡು ಒಲೆ, ಫ್ರಿಜ್, ಮೇಜು ಇರುತ್ತದೆ. ಸಾದಾ ಹಿತ್ತೆಗೆ ಸ್ನಾನ, ಶೌಚ ಹೊರಗಿನ ಸಾಮೂಹಿಕ ಕಟ್ಟಡದಲ್ಲಿ. ಒಂದೂವರೆ ವರ್ಷದವನ ಜೊತೆ ಮಳೆಯಲ್ಲಿ ಅಲ್ಲಿಗೆ ಓಡುವುದು ಕಷ್ಟ, ಸ್ವಲ್ಪ ಜಾಸ್ತಿ ಕೊಟ್ಟು ಒಳಗೇ ಬಚ್ಚಲು ಇರುವುದನ್ನು ಹಿಡಿಯಿರಿ. ಫ್ಲೋಮ್ ಹಳ್ಳಿಯಲ್ಲಿ ಇಂಥದ್ದು ರೈಲು ನಿಲ್ದಾಣದಿಂದ ನಡೆಯುವ ದೂರದಲ್ಲೇ ಇದೆ. ಬಾಗಿಲು ತೆರೆದರೆ ಹುಲ್ಲು, ಎದುರು ಬೆಟ್ಟ, ಮಕ್ಕಳು ಅಲ್ಲೇ ಆಡುತ್ತವೆ, ಕಣ್ಣೆದುರೇ ಇರುತ್ತವೆ. ಓಸ್ಲೋ ಬರ್ಗನ್ ರೈಲಿನಲ್ಲಿ ಕುಟುಂಬದ ಬೋಗಿ ಇದೆ, ಒಳಗೆ ಮಕ್ಕಳಿಗೆ ಆಡುವ ಜಾಗ. ಆರೂವರೆ ಏಳು ಗಂಟೆಯ ಪ್ರಯಾಣ, ಅದೇ ಬೋಗಿಯಲ್ಲಿ ಸೀಟು ತೆಗೆದುಕೊಳ್ಳಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಓಸ್ಲೋ ಮತ್ತು ಕೋಪನ್‌ಹೇಗನ್ ನಡುವೆ ರಾತ್ರಿ ಹಡಗು ಇದೆ. ಸಂಜೆಯೊಳಗೆ ಹತ್ತಿದರೆ ಬೆಳಿಗ್ಗೆ ಇಳಿಯುವುದು. ಕ್ಯಾಬಿನ್‌ನಲ್ಲಿ ನಾಲ್ಕು ಮಂಚ. ಪ್ರಯಾಣವೂ ಆಯಿತು, ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯಿತು. ಊಟವನ್ನು ಮಾತ್ರ ಹತ್ತುವ ಮೊದಲೇ ಅಂಗಡಿಯಲ್ಲಿ ಕೊಂಡು ಒಯ್ಯಿರಿ.

ಹಾಸನ ಸುತ್ತಾಟ
ವೀಸಾ ಕೈಗೆ ಬರುವ ಮೊದಲು ದುಡ್ಡು ವಾಪಸ್ ಬಾರದ ದರದಲ್ಲಿ ಏನನ್ನೂ ಬುಕ್ ಮಾಡಬೇಡಿ. ಷೆಂಗೆನ್ ವೀಸಾಗೆ, ಅಂದರೆ ಈ ಮೂರೂ ದೇಶಗಳಿಗೆ ಸಾಕಾಗುವ ಒಂದೇ ವೀಸಾಗೆ, ಉಳಿಯುವ ಜಾಗದ ದಾಖಲೆ ಬೇಕು, ರದ್ದು ಮಾಡಬಹುದಾದ ಬುಕಿಂಗ್ ಕೊಟ್ಟರೆ ಸಾಕು, ಅದರಲ್ಲಿ ಮಕ್ಕಳ ಹೆಸರೂ ಇರಲಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರು ತುಂಬದವರಿಗೆ ಇಲ್ಲ. ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಸೇವಾ ಶುಲ್ಕ ಬೇರೆ. ಮಗಳಿಗೆ ಆರು ತುಂಬುವ ಮೊದಲೇ ಅರ್ಜಿ ಹಾಕಿದರೆ ಅಷ್ಟು ಉಳಿಯಿತು. ಬೆಂಗಳೂರಿನಲ್ಲಿ ಬೇಸಿಗೆಯ ಹೊತ್ತಿಗೆ ಸ್ಲಾಟ್ ಸಿಗುವುದು ಕಷ್ಟ, ಬೇಗ ನೋಡಿ.

ಗೋಥೆನ್‌ಬರ್ಗ್ ನಿವಾಸಿ
ಮಳೆ ಬಂದ ದಿನ ಸಣ್ಣ ರೂಮಿನಲ್ಲಿ ಎರಡು ಮಕ್ಕಳನ್ನು ಹಿಡಿದಿಡಲು ಆಗುವುದಿಲ್ಲ, ಅಂಥ ದಿನಕ್ಕೆ ಲೈಬ್ರರಿಗಳಿಗೆ ಹೋಗಿ. ಓಸ್ಲೋದಲ್ಲಿ 2020ರಲ್ಲಿ ತೆರೆದ ಡೈಕ್‌ಮನ್ ಬ್ಯೋರ್ವಿಕಾ ಪುಕ್ಕಟೆ, ಮಕ್ಕಳಿಗೆ ದೊಡ್ಡ ಜಾಗ ಇದೆ. ಸ್ಟಾಕ್‌ಹೋಮ್‌ನಲ್ಲಿ ಹಳೆಯ ಹಡಗು ಇಟ್ಟಿರುವ ವಾಸಾ ಮ್ಯೂಸಿಯಂನಲ್ಲಿ 18 ವರ್ಷದವರೆಗೆ ಟಿಕೆಟ್ ಇಲ್ಲ. ನಮ್ಮ ಊರಿನ ಸ್ಲೋಟ್ಸ್‌ಸ್ಕೂಗೆನ್ ಪಾರ್ಕ್‌ನಲ್ಲಿ ಪ್ರಾಣಿಗಳನ್ನೂ ಪುಕ್ಕಟೆ ನೋಡಬಹುದು. ಊಟದ ವಿಷಯದಲ್ಲಿ, ಸ್ವೀಡನ್ನಿನಲ್ಲಿ ದೊಡ್ಡ ಊಟ ಮಧ್ಯಾಹ್ನವೇ ಮಾಡಿ. ವಾರದ ದಿನ ಹನ್ನೊಂದರಿಂದ ಎರಡರವರೆಗೆ ಡಾಗೆನ್ಸ್ ಲಂಚ್ ಅಂತ ಇರುತ್ತದೆ, ಸಲಾಡ್, ಬ್ರೆಡ್, ಕಾಫಿ ಎಲ್ಲ ಸೇರಿ. ಅದೇ ಜಾಗದಲ್ಲಿ ರಾತ್ರಿ ಉಂಡರೆ ಎಷ್ಟೋ ಜಾಸ್ತಿ. ನಲ್ಲಿ ನೀರು ಕುಡಿಯಲು ಬಹಳ ಚೆನ್ನಾಗಿದೆ, ಬಾಟಲಿ ನೀರು ಕೊಳ್ಳಬೇಡಿ.

ಕುವೆಂಪುನಗರ ಅಮ್ಮ
ರಾತ್ರಿ ಇಬ್ಬರೂ ಕೂತು ಎಲ್ಲ ಓದಿದೆವು. ಕೋಪನ್‌ಹೇಗನ್‌ನಲ್ಲಿ ಡಾನ್‌ಹಾಸ್ಟೆಲ್, ಅಲ್ಲಿಂದ ರೈಲಿನಲ್ಲಿ ಸ್ಟಾಕ್‌ಹೋಮ್, ಅಲ್ಲಿ ತಿಂಡಿ ಇರುವ ಹೋಟೆಲ್, ಆಮೇಲೆ ಓಸ್ಲೋ, ರಾತ್ರಿ ಹಡಗಿನಲ್ಲಿ ವಾಪಸ್ ಕೋಪನ್‌ಹೇಗನ್. ಬರ್ಗನ್ ಸೇರಿಸಬೇಕಾ ಬೇಡವಾ ಅಂತ ಇನ್ನೂ ಮನಸ್ಸು ಹೊಯ್ದಾಡುತ್ತಿದೆ.

ಓಸ್ಲೋ ಅಪ್ಪ
ಬರ್ಗನ್ ಬೇಕು ಅಂದರೆ ಸ್ಟಾಕ್‌ಹೋಮ್ ಬಿಡಿ, ಎರಡೂ ಬೇಡ. ಪ್ರತಿ ಸಲ ಹೋಟೆಲ್ ಬದಲಿಸಿದಾಗಲೂ ಅರ್ಧ ದಿನ ಹೋಗುತ್ತದೆ, ಬೆಳಿಗ್ಗೆ ಹನ್ನೊಂದಕ್ಕೆ ರೂಮ್ ಬಿಟ್ಟು ಮಧ್ಯಾಹ್ನ ಮೂರರವರೆಗೆ ಹೊಸ ರೂಮ್ ಸಿಗದೆ ಮಲಗುವ ಮಗುವನ್ನು ಹೆಗಲ ಮೇಲೆ ಹೊತ್ತು ಅಲೆಯಬೇಕಾಗುತ್ತದೆ. ಒಂದೇ ಜಾಗದಲ್ಲಿ ಹೆಚ್ಚು ರಾತ್ರಿ ಇದ್ದರೆ ಹಾಸ್ಟೆಲ್‌ನಲ್ಲಿ ಬೆಡ್‌ಶೀಟ್, ಸ್ವಚ್ಛತೆಯ ಖರ್ಚೂ ಒಂದೇ ಸಲ. ಮತ್ತೆ ರಾತ್ರಿ ಹಡಗಿನ ನಾಲ್ಕು ಮಂಚದ ಕ್ಯಾಬಿನ್ ಜುಲೈನಲ್ಲಿ ಬೇಗ ಮುಗಿಯುತ್ತದೆ. ದಿನಾಂಕ ಗೊತ್ತಾದ ಕೂಡಲೇ ಮೊದಲು ಅದನ್ನು ನೋಡಿ, ಉಳಿದ ಹೋಟೆಲ್‌ಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.